ಗಂಗಾಮೂಲದಿಂದ ಕೇಡಗಾಂವ್‌ವರೆಗೆ: ಪಂಡಿತಾ ರಮಾಬಾಯಿ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಏಳು ಮಂದಿ ಕಾರ್ಕಳದಿಂದ ಕುದುರೆಮುಖದ ಕಡೆ ಹೊರಟಿದ್ವಿ. ಮಾಳ ದಾಟಿ ಘಾಟಿ ಹತ್ತುವಾಗ ಮಳೆ, ಎಸ್.ಕೆ. ಬಾರ್ಡರ್ ಮುಟ್ಟುವ ಹೊತ್ತಿಗೆ ಮಂಜು, ಅಲ್ಲಿಂದ ಮುಂದೆ ಗಂಗಾಮೂಲ. ತುಂಗಾ, ಭದ್ರಾ, ನೇತ್ರಾವತಿ ಮೂರೂ ನದಿಗಳ ಹುಟ್ಟೂರು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಬಿಟ್ಟರೆ ಆ ಹೆಸರಿನ ಬಗ್ಗೆ ನಮಗ್ಯಾರಿಗೂ ಏನೂ ಗೊತ್ತಿರಲಿಲ್ಲ. ಗಾಡಿ ನಿಲ್ಲಿಸದೆ ಮುಂದೆ ಹೋದ್ವಿ. ವಾಪಸ್ ಬಂದ ಮೇಲೆ ನಮ್ಮ ಸಂಘದ ಪುಸ್ತಕದ ಕಪಾಟಿನಲ್ಲಿ ಒಂದು ಹಳೆಯ ಜೀವನಚರಿತ್ರೆ ಸಿಕ್ಕಿತು. ಮೊದಲ ಪುಟಗಳಲ್ಲೇ ಗಂಗಾಮೂಲ! ಅದೇ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಹುಟ್ಟಿದ ಮಗುವೇ ಪಂಡಿತಾ ರಮಾಬಾಯಿ.

ರಮಾಬಾಯಿ ಅಂದರೆ ಮಹಾರಾಷ್ಟ್ರದವರು ಎಂದೇ ನಾವು ತಿಳಿದಿದ್ವಿ. ಸಮಾಜ ವಿಜ್ಞಾನದ ಪಠ್ಯದಲ್ಲಿ ಒಂದು ಸಾಲು ಇತ್ತು, ಪರೀಕ್ಷೆಗೆ ಒಂದು ಅಂಕ. ಆ ಒಂದು ಸಾಲಿನ ಹಿಂದೆ ಇಷ್ಟು ಸಾವು, ಇಷ್ಟು ನಡಿಗೆ, ಇಷ್ಟು ಜಗಳ ಇದೆ ಅಂತ ಗೊತ್ತಾದ ಮೇಲೆ ಬರೆಯದೆ ಇರಲಾಗಲಿಲ್ಲ.

ಅಪ್ಪ ಅನಂತಶಾಸ್ತ್ರಿ ಡೋಂಗ್ರೆ. ಮಾಳದ ಸೀಮೆಯ ಚಿತ್ಪಾವನ ಬ್ರಾಹ್ಮಣರು. ಓದುವ ಆಸೆಯಿಂದ ಪುಣೆಗೆ ಹೋಗಿದ್ದಾಗ ಅವರ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸೊಬ್ಬಳು ಸಂಸ್ಕೃತ ಶ್ಲೋಕ ಹೇಳುವುದನ್ನು ಹುಡುಗ ಅನಂತ ಮೊದಲ ಸಲ ಕೇಳಿದ್ದು ಅಲ್ಲಿ. ಅದು ತಲೆಯಲ್ಲಿ ಕೂತುಬಿಟ್ಟಿತು. ಊರಿಗೆ ಬಂದು ಹೆಂಡತಿಗೆ ಕಲಿಸಲು ನೋಡಿದರು. ಆಕೆಗೂ ಮನಸ್ಸಿರಲಿಲ್ಲ, ಮನೆಯವರಿಗಂತೂ ಸುತರಾಂ ಇಷ್ಟವಿರಲಿಲ್ಲ. ಆಕೆ ತೀರಿಕೊಂಡ ಮೇಲೆ, ತೀರ್ಥಯಾತ್ರೆಯಲ್ಲಿದ್ದಾಗ ಗೋದಾವರಿ ದಡದ ಪೈಠಣದಲ್ಲಿ ಒಬ್ಬ ಯಾತ್ರಿಕ ಬ್ರಾಹ್ಮಣ ತನ್ನ ಒಂಬತ್ತು ವರ್ಷದ ಮಗಳನ್ನು ನಲವತ್ತು ದಾಟಿದ ಅನಂತಶಾಸ್ತ್ರಿಗಳಿಗೆ ಮದುವೆ ಮಾಡಿಕೊಟ್ಟು ಮರುದಿನ ತನ್ನ ದಾರಿ ಹಿಡಿದು ಹೋದ. ಇಂದು ಓದುವಾಗ ಮೈ ಉರಿಯುವ ಸಂಗತಿ ಇದು. ವಿಚಿತ್ರ ಏನೆಂದರೆ, ಆ ಮಗು ಲಕ್ಷ್ಮೀಬಾಯಿಯೇ ಮುಂದೆ ಗಂಡನಿಂದ ಸಂಸ್ಕೃತ ಕಲಿತು, ಮಗಳಿಗೆ ಗುರುವಾದಳು.

ಹೆಂಗಸಿಗೆ ದೇವಭಾಷೆ ಕಲಿಸುತ್ತಾನೆ ಎಂದು ಗದ್ದಲವಾಯಿತು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಅನಂತಶಾಸ್ತ್ರಿಗಳು ತಮ್ಮ ಕೆಲಸಕ್ಕೆ ಶಾಸ್ತ್ರದಿಂದಲೇ ಆಧಾರ ತೋರಿಸಬೇಕಾಯಿತು. ಆಮೇಲೆ ಊರಿನ ಗಲಾಟೆಯೇ ಬೇಡವೆಂದು ಘಟ್ಟದ ಮೇಲಿನ ಕಾಡಿನಲ್ಲಿ ಮನೆ ಕಟ್ಟಿದರು. ಅಲ್ಲಿಗೂ ಶಿಷ್ಯರು ಬಂದರು, ಯಾತ್ರಿಕರು ಬಂದರು, ಬಂದವರಿಗೆಲ್ಲ ಊಟ. ಕೈಯಲ್ಲಿದ್ದದ್ದೆಲ್ಲ ಕರಗಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಮನೆ ಬಿಟ್ಟರು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲಿಟ್ಟು ಘಟ್ಟ ಇಳಿಸಿದರಂತೆ. ನಾವು ಕಾರಿನಲ್ಲಿ ತಿರುವು ಎಣಿಸುತ್ತ ಹೋದ ಘಟ್ಟವೇ ಇರಬೇಕು.

ಅಲ್ಲಿಂದ ಸುಮಾರು ಹದಿನಾರು ವರ್ಷ ಆ ಕುಟುಂಬಕ್ಕೆ ಮನೆಯೇ ಇಲ್ಲ. ಅಪ್ಪ, ಅಮ್ಮ, ಅಣ್ಣ ಶ್ರೀನಿವಾಸ, ಅಕ್ಕ ಕೃಷ್ಣಾಬಾಯಿ, ಕೊನೆಯವಳು ರಮಾ. ಒಂದು ಕ್ಷೇತ್ರದಿಂದ ಇನ್ನೊಂದು ಕ್ಷೇತ್ರಕ್ಕೆ ಕಾಲ್ನಡಿಗೆ. ದೇವಸ್ಥಾನದ ಜಗಲಿಯಲ್ಲೋ ನದಿಯ ಘಟ್ಟದಲ್ಲೋ ಕೂತು ಪುರಾಣ ಓದುವುದು, ಕೇಳಿದವರು ಇಟ್ಟ ದಕ್ಷಿಣೆಯಲ್ಲಿ ಊಟ, ಮಿಕ್ಕಿದ್ದು ದಾನ. ಪಾಠ ನಡೆಯುತ್ತಿದ್ದುದು ದಾರಿಯಲ್ಲೇ. ಅಪ್ಪನಿಗೆ ವಯಸ್ಸಾಗಿ ಕಣ್ಣು ಮಂಜಾಗುತ್ತಿತ್ತು, ಅದಕ್ಕೇ ಅಮ್ಮ ಕಲಿಸಿದಳು. ಹನ್ನೆರಡು ವರ್ಷಕ್ಕೆ ಭಾಗವತದ ಹದಿನೆಂಟು ಸಾವಿರ ಶ್ಲೋಕ ಬಾಯಿಗೆ ಬಂದಿತ್ತು. ತಿರುಗಿದ ಕಡೆಯ ಮಾತುಗಳೂ ಬಂದವು, ಅವುಗಳಲ್ಲಿ ಕನ್ನಡವೂ ಒಂದು. ಮಗಳಿಗೆ ಚಿಕ್ಕಂದಿನಲ್ಲೇ ಮದುವೆ ಮಾಡಲು ಮಾತ್ರ ಅಪ್ಪ ಒಪ್ಪಲಿಲ್ಲ. ದೊಡ್ಡ ಮಗಳ ಬಾಲ್ಯವಿವಾಹ ಹಾಳಾದದ್ದನ್ನು ಕಣ್ಣಾರೆ ಕಂಡಿದ್ದರು.

ಆಮೇಲೆ ಬರ ಬಂತು. ಮದರಾಸು ಸೀಮೆಯಲ್ಲಿ ಕೇಳುವವರಿಗೇ ಅನ್ನವಿಲ್ಲದಿರುವಾಗ ಪುರಾಣ ಹೇಳುವವರಿಗೆ ಕೊಡುವವರ್ಯಾರು? ಬೇರೆ ಕೆಲಸ ಮಾಡಿ ಗೊತ್ತಿಲ್ಲ, ಬೇಡುವುದಕ್ಕೆ ನಾಚಿಕೆ. ಪಾತ್ರೆ, ಬಟ್ಟೆ, ಒಡವೆ ಒಂದೊಂದಾಗಿ ಹೋದವು. ದೇವರ ಮುಂದೆ ವ್ರತ, ಜಪ, ಪ್ರದಕ್ಷಿಣೆ ಮಾತ್ರ ನಿಲ್ಲಲಿಲ್ಲ. ಕೊನೆಯ ಹಿಡಿ ಅಕ್ಕಿ ಮುಗಿದ ದಿನ, ಸಾಯುವುದಾದರೆ ಯಾರ ಕಣ್ಣಿಗೂ ಬೀಳದೆ ಸಾಯೋಣ ಎಂದು ತಿರುಪತಿಯ ಕಡೆಯ ಕಾಡು ಹೊಕ್ಕರು. ಹನ್ನೊಂದು ದಿನ ನೀರು, ಸೊಪ್ಪು, ಒಂದಿಷ್ಟು ಕಾಡು ಖರ್ಜೂರ. ಮುದುಕ ತಂದೆ ಪುಣ್ಯ ಪುಷ್ಕರಿಣಿಯಲ್ಲಿ ಮುಳುಗಿ ಪ್ರಾಣ ಬಿಡುವುದೆಂದು ನಿಶ್ಚಯಿಸಿ, ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ತಬ್ಬಿಕೊಂಡು ಬೀಳ್ಕೊಂಡರು. ಕೊನೆಯವಳಾದ ರಮಾಗೆ ಹೇಳಿದ್ದು, ದೇವರನ್ನು ಬಿಡಬೇಡ ಎಂಬ ಅರ್ಥದ ಮಾತು. ಆಗ ಶ್ರೀನಿವಾಸ ಅಡ್ಡ ಬಂದ. ಜಾತಿ ಅಭಿಮಾನವನ್ನೆಲ್ಲ ಬದಿಗಿಟ್ಟು ಕೂಲಿ ಮಾಡಿ ಸಾಕುತ್ತೇನೆ ಅಂದ. ಅವತ್ತು ಯಾರೂ ಮುಳುಗಲಿಲ್ಲ. ಆದರೆ 1874ರಲ್ಲಿ ಕೆಲವೇ ದಿನಗಳ ಮೇಲೆ ತಂದೆ ಹಸಿವಿನಿಂದಲೇ ಹೋದರು. ಸಾಯುವ ಮುಂಚೆ ಸಂನ್ಯಾಸ ತೆಗೆದುಕೊಂಡಿದ್ದರಿಂದ ದೇಹವನ್ನು ಹೂಳಬೇಕಿತ್ತು. ಹೊರಲು ಯಾರೂ ಬರದೆ ಮಗನೇ ಬಟ್ಟೆಯಲ್ಲಿ ಕಟ್ಟಿ ಹೊತ್ತುಕೊಂಡು ಹೋದ.

ಕೆಲವು ವಾರಗಳಲ್ಲಿ ತಾಯಿ. ಸ್ಮಶಾನ ಸುಮಾರು ಮೂರು ಮೈಲಿ ದೂರ. ಕನಿಕರಪಟ್ಟು ಇಬ್ಬರು ಬ್ರಾಹ್ಮಣರು ಹೆಗಲು ಕೊಟ್ಟರು. ಮೂರನೆಯವನು ಶ್ರೀನಿವಾಸ, ನಾಲ್ಕನೆಯ ಹೆಗಲು ಹದಿನಾರರ ರಮಾಳದ್ದೇ ಆಗಬೇಕಾಯಿತು. ಎತ್ತರ ಸಾಲದೆ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತಳು. ನಮ್ಮ ಗುಂಪಿನಲ್ಲಿ ಈ ಪುಟವನ್ನು ಜೋರಾಗಿ ಓದುತ್ತಿದ್ದವನು ಇಲ್ಲಿ ನಿಲ್ಲಿಸಿದ. ಯಾರೂ ಮುಂದೆ ಓದು ಅನ್ನಲಿಲ್ಲ. ಮರುವರ್ಷ ಅಕ್ಕ ಕಾಲರಾದಿಂದ ತೀರಿಕೊಂಡಳು.

ಉಳಿದವರು ಅಣ್ಣ, ತಂಗಿ. ಇಬ್ಬರೂ ಉತ್ತರಕ್ಕೆ ನಡೆದರು. ನಾಲ್ಕು ಸಾವಿರ ಮೈಲಿಗಳಷ್ಟು ಎಂದು ಲೆಕ್ಕ ಹೇಳುತ್ತಾರೆ, ಕಾಶ್ಮೀರದಿಂದ ಬಂಗಾಳದವರೆಗೆ. ಚಳಿಯಲ್ಲಿ ಹೊದೆಯಲು ಏನೂ ಇಲ್ಲದೆ ಮಣ್ಣಿನಲ್ಲಿ ಗುಂಡಿ ಮಾಡಿ, ಮೈಮೇಲೆ ಮರಳು ಎಳೆದುಕೊಂಡು ಮಲಗಿದ ರಾತ್ರಿಗಳಿದ್ದವು. ಹೊಟ್ಟೆಗಿಲ್ಲದಿದ್ದರೂ ವ್ರತ ತಪ್ಪಿಸಲಿಲ್ಲ. ಹೇಳಿದ್ದೆಲ್ಲ ಮಾಡಿದೆವು, ಆದರೂ ಹೀಗೇಕಾಯಿತು ಎಂಬ ಪ್ರಶ್ನೆ ಹುಟ್ಟಿದ್ದು ಆ ನಡಿಗೆಯಲ್ಲಿ. ನಂಬಿಕೆ ಒಂದೇ ಸಲಕ್ಕೆ ಮುರಿದು ಬೀಳಲಿಲ್ಲ, ಬಟ್ಟೆ ಸವೆದ ಹಾಗೆ ಸವೆಯಿತು.

1878ರಲ್ಲಿ ಕಲ್ಕತ್ತಾ. ಇಪ್ಪತ್ತು ವರ್ಷದ, ಮದುವೆಯಾಗದ ಹುಡುಗಿ ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುತ್ತಾಳೆ ಎಂಬ ಸುದ್ದಿಗೆ ನಗರವೇ ಬೆರಗಾಯಿತು. ವಿದ್ವಾಂಸರು ಕೂತು ಪರೀಕ್ಷಿಸಿ ಪಂಡಿತಾ ಎಂದರು, ಸರಸ್ವತಿ ಎಂದರು. ಹೆಂಗಸರಿಗೆ ಸ್ತ್ರೀಧರ್ಮದ ಬಗ್ಗೆ ಉಪನ್ಯಾಸ ಕೊಡಿ ಎಂದು ಕೇಳಿದಾಗ ಧರ್ಮಶಾಸ್ತ್ರಗಳನ್ನು ಹೊಸದಾಗಿ ತಿರುವಿದರು. ಗ್ರಂಥ ಗ್ರಂಥಕ್ಕೂ ಎಷ್ಟೋ ವಿಷಯದಲ್ಲಿ ಭಿನ್ನಾಭಿಪ್ರಾಯ, ಹೆಣ್ಣು ಕೀಳು ಎನ್ನುವ ವಿಷಯದಲ್ಲಿ ಮಾತ್ರ ಎಲ್ಲರೂ ಒಂದು ಎಂದು ಅವರಿಗೆ ಕಂಡಿತು. ಬ್ರಾಹ್ಮ ಸಮಾಜದ ಕೇಶವಚಂದ್ರ ಸೇನರು ವೇದ ಓದಿ ಎಂದು ಪುಸ್ತಕ ಕೈಗಿಟ್ಟರು. ಹೆಂಗಸು ವೇದ ಓದಬಾರದು ಎಂಬುದನ್ನು ಅಲ್ಲಿಯವರೆಗೆ ರಮಾಬಾಯಿ ಒಪ್ಪಿಕೊಂಡೇ ಬಂದಿದ್ದರು ಎಂಬುದನ್ನು ಮರೆಯಬಾರದು.

1880ರ ಮೇ ತಿಂಗಳಲ್ಲಿ ಢಾಕಾದಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಅಣ್ಣನ ಗೆಳೆಯ, ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ರಮಾಬಾಯಿ ಮದುವೆಯಾದರು. ಅವರು ಬಂಗಾಳಿ, ಜಾತಿಯಲ್ಲಿ ಶೂದ್ರರು. ರಿಜಿಸ್ಟರ್ ಮದುವೆ. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ. 1882ರ ಫೆಬ್ರವರಿಯಲ್ಲಿ ಬಿಪಿನ್ ಬಿಹಾರಿ ಕಾಲರಾಗೆ ಬಲಿ. ಇಪ್ಪತ್ನಾಲ್ಕು ತುಂಬುವ ಮುಂಚೆ ವಿಧವೆ, ಕಂಕುಳಲ್ಲಿ ಒಂದು ವರ್ಷವೂ ತುಂಬದ ಕೂಸು. ಎಂಟು ವರ್ಷದಲ್ಲಿ ಐದು ಸಾವು.

ಗಂಡನ ಪುಸ್ತಕಗಳ ನಡುವೆ ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯೊಂದು ಮೊದಲೇ ಕೈಗೆ ಸಿಕ್ಕಿತ್ತು. ಅದನ್ನು ಓದಿ ಕ್ರೈಸ್ತಳಾಗುತ್ತೇನೆ ಅಂದಾಗ, ಮಿಷನ್ ಶಾಲೆಯಲ್ಲಿ ಓದಿದ್ದ ಗಂಡನಿಗೇ ಅದು ಹಿಡಿಸಿರಲಿಲ್ಲ. ಹಾಗಾಗಿ ದುಃಖ ಬಂತು, ಮತ ಬದಲಾಯಿತು ಎಂದು ಒಂದೇ ಗೆರೆ ಎಳೆಯುವುದು ಸರಿಯಲ್ಲ ಅನಿಸುತ್ತದೆ ನಮಗೆ. ಓದು ಮೊದಲಿಂದಲೂ ನಡೆಯುತ್ತಲೇ ಇತ್ತು, ಸಾವುಗಳೂ ನಡೆಯುತ್ತಲೇ ಇದ್ದವು.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಶಿಕ್ಷಣದ ಹಂಟರ್ ಆಯೋಗದ ಮುಂದೆ ಹೋಗಿ, ಈ ದೇಶಕ್ಕೆ ಹೆಣ್ಣು ಶಿಕ್ಷಕಿಯರೂ ಹೆಣ್ಣು ಡಾಕ್ಟರರೂ ಬೇಕು ಎಂದು ಸಾಕ್ಷ್ಯ ಹೇಳಿದರು. ತಾವೇ ಡಾಕ್ಟರಾಗುವ ಆಸೆಯಿಂದ, ಮರಾಠಿಯಲ್ಲಿ ಬರೆದ ಪುಸ್ತಕದ ಹಣದಲ್ಲಿ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಜೊತೆಗೆ ಮನೋರಮಾ, ಗೆಳತಿ ಆನಂದಿಬಾಯಿ ಭಗತ್. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸಿಸ್ಟರುಗಳ ಮಠದಲ್ಲಿ ಇಳಿದುಕೊಂಡರು. ಅಲ್ಲಿ ಕೆಲವೇ ತಿಂಗಳಲ್ಲಿ ಆನಂದಿಬಾಯಿ ವಿಷ ಕುಡಿದು ಸತ್ತಳು. ಪರದೇಶ, ಪರಭಾಷೆ, ಜೊತೆಗಿದ್ದ ಒಂದೇ ಜೀವ ಹೀಗೆ. ಅದೇ ಸೆಪ್ಟೆಂಬರ್ 29ರಂದು ತಾಯಿ ಮಗಳು ದೀಕ್ಷಾಸ್ನಾನ ಪಡೆದರು. ಕಿವಿ ಮಂದವಾಗುತ್ತ ಬಂದಿದ್ದರಿಂದ ಡಾಕ್ಟರಾಗುವ ಆಸೆ ಅಲ್ಲಿಗೇ ಮುಗಿಯಿತು.

ಇಲ್ಲಿಂದ ಮುಂದಿನದು ನಮಗೆ ತುಂಬ ಹಿಡಿಸಿದ ಭಾಗ. ಕ್ರೈಸ್ತಳಾದ ತಕ್ಷಣ ರಮಾಬಾಯಿ ಇಂಗ್ಲಿಷರಂತೆ ಆಗಿಬಿಡುತ್ತಾರೆ ಎಂದುಕೊಂಡಿದ್ದವರಿಗೆ ಒಂದರ ಮೇಲೊಂದು ಆಶ್ಚರ್ಯ. ಮಾಂಸ ಮುಟ್ಟುವುದಿಲ್ಲ, ಮೊಟ್ಟೆ ಹಾಕಿದ ಪುಡ್ಡಿಂಗೂ ಬೇಡ. ಕೊರಳ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕೆ, ನನಗೂ ನನ್ನ ಜನಕ್ಕೂ ಬಾರದ ಭಾಷೆ ಅದು, ಸಂಸ್ಕೃತದಲ್ಲಿ ಇರಲಿ ಎಂದು ವಾದ. ಚೆಲ್ಟನ್‌ಹ್ಯಾಮಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ ಗಣಿತ, ವಿಜ್ಞಾನ ಓದುತ್ತಿದ್ದಾಗ, ಗಂಡಸರಿಗೂ ಪಾಠ ಹೇಳುವ ಮಾತು ಬಂತು. ಅದು ಕೂಡದು ಎಂದು ಬಿಷಪ್ಪರ ಅಭಿಪ್ರಾಯ. ಭಾರತದಲ್ಲಿ ತುಂಬಿದ ಸಭೆಯಲ್ಲಿ ಪಂಡಿತರ ಮುಂದೆ ಮಾತಾಡಿ ಬಂದವರಿಗೆ ಇದು ವಿಚಿತ್ರವಾಗಿ ಕಂಡಿದ್ದರಲ್ಲಿ ಏನಾಶ್ಚರ್ಯ? ತ್ರಿಯೇಕ ದೇವರ ಸಿದ್ಧಾಂತ ಅರ್ಥವಾಗದೆ ಒಪ್ಪುವುದಿಲ್ಲ ಎಂದು ಪತ್ರದ ಮೇಲೆ ಪತ್ರ. ಬಹುಪಾಲು ಪತ್ರ ಹೋಗುತ್ತಿದ್ದುದು ಸಿಸ್ಟರ್ ಜೆರಾಲ್ಡಿನ್ ಅವರಿಗೆ. ಆಕೆ ಮನೋರಮಾಳನ್ನು ಮೊಮ್ಮಗಳಂತೆ ನೋಡಿಕೊಂಡವರು. ರಮಾಬಾಯಿ ಅವರನ್ನು ಆಜೀಬಾಯಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು. ಇಬ್ಬರೂ ಪತ್ರದಲ್ಲಿ ಕಟುವಾಗಿ ಜಗಳವಾಡುತ್ತಾರೆ. ವಿಧೇಯಳಾಗಿರು ಎಂದು ಒಬ್ಬರು, ನನ್ನ ಅಂತಃಸಾಕ್ಷಿಯನ್ನು ಯಾವ ಪುರೋಹಿತನ ಕೈಗೂ ಕೊಡಲಾರೆ, ಆ ನೊಗ ಈಗಷ್ಟೇ ಕಳಚಿ ಬಂದಿದ್ದೇನೆ ಎಂಬ ಅರ್ಥದಲ್ಲಿ ಇನ್ನೊಬ್ಬರು. ಆದರೂ ಸಂಬಂಧ ಕಡಿಯಲಿಲ್ಲ. ಆ ಪತ್ರಗಳನ್ನೆಲ್ಲ ಜೋಡಿಸಿ ಇಟ್ಟದ್ದು ಜೆರಾಲ್ಡಿನ್ ಅವರೇ, ಇಂದು ನಮಗೆ ಆ ಜಗಳ ಓದಲು ಸಿಗುವುದೂ ಅದರಿಂದಲೇ.

1886ರಲ್ಲಿ ದೂರದ ಸಂಬಂಧಿ ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆಯುವುದನ್ನು ನೋಡಲು ರಮಾಬಾಯಿ ಅಮೆರಿಕಕ್ಕೆ ಹೋದರು. ಪದವಿ ಪ್ರದಾನಕ್ಕೆ ಹೋದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿದರು. ಈ ಆನಂದಿಬಾಯಿಯೂ ಮರುವರ್ಷವೇ ಪುಣೆಯಲ್ಲಿ ತೀರಿಕೊಂಡರು, ಇಪ್ಪತ್ತೆರಡು ತುಂಬುವ ಮೊದಲೇ. ರಮಾಬಾಯಿ ಊರೂರು ತಿರುಗಿ ಮಾತಾಡಿದರು, ಮೇಲ್ಜಾತಿಯ ಹಿಂದೂ ಹೆಂಗಸಿನ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. 1887ರ ಕೊನೆಗೆ ಬಾಸ್ಟನ್ನಿನಲ್ಲಿ ಅವರ ಹೆಸರಿನ ಸಂಘವೇ ಹುಟ್ಟಿತು. ಬಾಲವಿಧವೆಯರ ಶಾಲೆಗೆ ಹತ್ತು ವರ್ಷ ಹಣ ಕೊಡುತ್ತೇವೆ, ಆದರೆ ಶಾಲೆ ಯಾವ ಮತಕ್ಕೂ ಸೇರಿದ್ದಾಗಿರಬಾರದು ಎಂಬುದು ಒಪ್ಪಂದ.

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ಶುರುವಾಯಿತು. (ಶಾರದೆ ಅಂದ ಕೂಡಲೇ ನಮಗೆ ಶೃಂಗೇರಿ ನೆನಪಾಗುತ್ತದೆ. ಗಂಗಾಮೂಲದಿಂದ ಅದೆಷ್ಟು ದೂರ!) ಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಎಂಬ ಬಾಲವಿಧವೆ. ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದದ್ದು ಆಕೆಯೇ. ಮರುವರ್ಷ ಶಾಲೆ ಪುಣೆಗೆ ಬಂತು. ತಲೆ ಬೋಳಿಸಿಕೊಂಡು, ಮೂಲೆಯಲ್ಲಿ ಕೂತು, ನಿನ್ನ ಪಾಪಕ್ಕೇ ಗಂಡ ಸತ್ತ ಎಂದು ಕೇಳಿಕೊಂಡು ಬೆಳೆದ ಹನ್ನೆರಡು ಹದಿಮೂರರ ಹುಡುಗಿಯರಿಗೆ ಇಲ್ಲಿ ತೋಟ ಇತ್ತು, ಪುಸ್ತಕ ಇತ್ತು, ನಗಲು ಅನುಮತಿ ಇತ್ತು. ರಮಾಬಾಯಿ ಅವರಿಗೆ ಹೊಸ ನಂಬಿಕೆಯನ್ನು ಬಲವಂತವಾಗಿ ಕಲಿಸಲಿಲ್ಲ. ಆದರೆ ತಮ್ಮ ಕೋಣೆಯಲ್ಲಿ ಮಗಳ ಜೊತೆ ಬೆಳಗ್ಗೆ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕುತ್ತಿರಲಿಲ್ಲ. ಒಬ್ಬೊಬ್ಬಳೇ ಬಂದು ಕೂರತೊಡಗಿದಳು.

ಆ ತೆರೆದ ಬಾಗಿಲೇ ದೊಡ್ಡ ಗಲಾಟೆಯಾಯಿತು. ತಿಲಕರ ಕೇಸರಿ ಪತ್ರಿಕೆ ಕಿಡಿ ಕಾರಿತು. ಬೆಂಬಲಕ್ಕೆ ನಿಂತಿದ್ದ ರಾನಡೆ, ಭಂಡಾರ್ಕರ್ 1893ರಲ್ಲಿ ಸಲಹಾ ಮಂಡಳಿ ಬಿಟ್ಟರು. ಪಾಲಕರು ಸುಮಾರು ಇಪ್ಪತ್ತೈದು ಹುಡುಗಿಯರನ್ನು ಕರೆದುಕೊಂಡು ಹೋದರು. ಈ ವಿಷಯದಲ್ಲಿ ನಮ್ಮ ಸಂಘದಲ್ಲೇ ಎರಡು ಗುಂಪಾಯಿತು. ಮತದ ವಿಷಯ ತರುವುದಿಲ್ಲ ಎಂದು ಮಾತು ಕೊಟ್ಟ ಮೇಲೆ, ಚಿಕ್ಕ ಮಕ್ಕಳ ಮುಂದೆ ಬಾಗಿಲು ತೆರೆದಿಡುವುದೂ ಒಂದು ರೀತಿಯ ಹೇಳಿಕೆಯೇ ಅಲ್ಲವೇ ಎಂದು ಕೆಲವರು. ಅವರವರ ಕೋಣೆಯ ಬಾಗಿಲು ಅವರವರಿಗೆ ಬಿಟ್ಟದ್ದು, ಆ ಮಕ್ಕಳನ್ನು ಮತ್ತೆ ಕತ್ತಲ ಮೂಲೆಗೆ ಕಳಿಸಿದ್ದು ಯಾವ ಧರ್ಮ ಎಂದು ಇನ್ನು ಕೆಲವರು. ಕ್ಯಾಂಟೀನ್ ಮುಚ್ಚುವವರೆಗೆ ವಾದ ನಡೆದರೂ ಯಾರೂ ಸೋಲಲಿಲ್ಲ. ಎರಡೂ ಕಡೆ ಹುರುಳಿದೆ, ಆದರೆ ಊರಿಗೆ ಕೋಪ ಬಂದಾಗ ಬೆಲೆ ತೆತ್ತವರು ಆ ಹುಡುಗಿಯರು ಎಂಬುದರಲ್ಲಿ ಮಾತ್ರ ನಮಗೆ ಅನುಮಾನವಿಲ್ಲ.

ಹತ್ತಿರ ಹತ್ತಿರ ಇದೇ ಕಾಲದಲ್ಲಿ ರಮಾಬಾಯಿಯವರ ಒಳಗೂ ಒಂದು ಬದಲಾವಣೆ ಆಯಿತು. ದೀಕ್ಷಾಸ್ನಾನವಾಗಿ ಎಂಟು ವರ್ಷವಾದ ಮೇಲೆ, ತನಗೆ ಸಿಕ್ಕಿದ್ದು ಕ್ರೈಸ್ತಮತ, ಕ್ರಿಸ್ತನಲ್ಲ ಎಂದು ಅವರಿಗೆ ಅನ್ನಿಸಿತು. ಅಲ್ಲಿಯವರೆಗೆ ಬುದ್ಧಿಯಿಂದ ಒಪ್ಪಿದ್ದು, ಆಮೇಲೆ ಮನಸ್ಸಿಗೆ ನಿಂತದ್ದು. ಕ್ರಿಸ್ತ ಎಂದರೆ ಅವರಿಗೆ ಮುಖ್ಯವಾಗಿ ಸಮಾರ್ಯದ ಹೆಂಗಸಿನ ಜೊತೆ ಬಾವಿಯ ಕಟ್ಟೆಯಲ್ಲಿ ಕೂತು ಮಾತಾಡಿದವನು. ಊರು ಬಿಟ್ಟ ಹೆಂಗಸಿನ ಹತ್ತಿರ ನೀರು ಕೇಳಿದವನು. ನಮ್ಮಲ್ಲಿ ಆ ನಂಬಿಕೆಯವರು ಇಬ್ಬರಷ್ಟೇ. ಉಳಿದವರಿಗೂ ಈ ಚಿತ್ರ ಅರ್ಥವಾಗುತ್ತದೆ, ಬಾವಿಕಟ್ಟೆಯಲ್ಲಿ ಯಾರು ಯಾರಿಗೆ ನೀರು ಕೊಡಬಹುದು ಎಂಬ ಲೆಕ್ಕ ನಮ್ಮ ಹಳ್ಳಿಗಳಿಗೇನು ಹೊಸದೇ?

1896ರಲ್ಲಿ ಮಧ್ಯಪ್ರಾಂತದಲ್ಲಿ ಬರ. ಸುದ್ದಿ ಕೇಳಿದಾಗ ರಮಾಬಾಯಿಗೆ ಮೂವತ್ತೆಂಟು. ಹಣವಿಲ್ಲ, ಬಾಸ್ಟನ್ನಿನ ಹತ್ತು ವರ್ಷದ ಗಡುವು ಮುಗಿಯುತ್ತ ಬಂದಿದೆ. ಆದರೆ ತಿರುಪತಿಯ ಕಾಡಿನ ಆ ಹನ್ನೊಂದು ದಿನ ಅವರನ್ನು ಕೂರಲು ಬಿಡಲಿಲ್ಲ. ಹೊರಟರು. ಗಂಜಿ ಕೇಂದ್ರಗಳಲ್ಲಿ ಹಸಿದ ಹುಡುಗಿಯರನ್ನು ಅನ್ನದ ಆಸೆ ತೋರಿಸಿ ಕೆಟ್ಟ ದಾರಿಗೆ ಎಳೆಯುತ್ತಿದ್ದುದನ್ನು ಕಂಡರು. ಮುನ್ನೂರು ಹುಡುಗಿಯರನ್ನು ಕರೆತರುವ ಸಂಕಲ್ಪ ಮಾಡಿದರು. ಮೂಳೆ ಚಕ್ಕಳದ, ಹುಣ್ಣು ತುಂಬಿದ, ಕೊಟ್ಟ ರೊಟ್ಟಿಯನ್ನು ನಾಳೆಗೆಂದು ಬಚ್ಚಿಡುವ ಮಕ್ಕಳು. ಎಲ್ಲ ಜಾತಿಯವರು. ಶಾರದಾ ಸದನದಲ್ಲಿದ್ದದ್ದು ಹೆಚ್ಚಾಗಿ ಬ್ರಾಹ್ಮಣ ಹುಡುಗಿಯರು, ಈಗ ಅವರೇ ಈ ಮಕ್ಕಳನ್ನು ತೊಳೆದು, ತಲೆ ಬಾಚಿ, ಉಣ್ಣಿಸಬೇಕಾಯಿತು. ನಮ್ಮ ಮಟ್ಟಿಗೆ ಈ ಇಡೀ ಕಥೆಯ ಅತಿ ದೊಡ್ಡ ಘಟನೆ ಇದೇ. ಜಾತಿಯ ಬಗ್ಗೆ ಉಪನ್ಯಾಸ ಕೇಳಿ ಯಾರೂ ಬದಲಾಗುವುದು ನಾವು ಕಂಡಿಲ್ಲ. ಕೈಯಲ್ಲಿ ಹುಣ್ಣು ತೊಳೆಯುವಾಗ ಏನೋ ಬದಲಾಗುತ್ತದೆ.

ಪುಣೆಯಲ್ಲಿ ಪ್ಲೇಗ್ ಬಂದು, ಹೊಸ ಹುಡುಗಿಯರನ್ನು ನಗರದಲ್ಲಿ ಇಟ್ಟುಕೊಳ್ಳಲು ಸರ್ಕಾರ ಬಿಡಲಿಲ್ಲ. ಮೊದಲೇ ತೋಟ ಮಾಡಲೆಂದು ಕೊಂಡಿದ್ದ ಕೇಡಗಾಂವ್‌ನ ಬಯಲಿಗೆ ಎಲ್ಲರೂ ಹೋದರು. ಅದೇ ಮುಕ್ತಿ ಸದನ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಇಂಟರ್ನ್‌ಶಿಪ್‌ಗೆ ಪುಣೆ, ಮುಂಬಯಿಗೆ ಹೋಗುವ ಗೆಳೆಯರಿಗೆ ಒಂದು ಮಾತು: ದೌಂಡ್ ದಾಟಿದ ಮೇಲೆ ಕಿಟಕಿಯ ಹೊರಗೆ ನೋಡ್ತಾ ಇರಿ, ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಹಾದು ಹೋಗುತ್ತದೆ.

ಬರಗಾಲದ ಸೀಮೆಯಲ್ಲಿ ನೂರಾರು ಜನಕ್ಕೆ ನೀರು ಬೇಕು. ಬಾವಿಗಳನ್ನು ತೋಡಿಸಿದರು. 1900ರ ಗುಜರಾತ್ ಬರದ ನಂತರ ಅಲ್ಲಿದ್ದವರ ಸಂಖ್ಯೆ ಸಾವಿರ ದಾಟಿತು. ಅಷ್ಟು ಜನ ದಾನದ ಅನ್ನ ತಿಂದು ಕೂರಬಾರದು ಎಂಬುದು ರಮಾಬಾಯಿಯ ಹಟ. ಮಗ್ಗ, ಹೊಲಿಗೆ, ಎಣ್ಣೆ ಗಾಣ, ಹೈನು, ಬೇಸಾಯ, ಕೊನೆಗೆ ಮುದ್ರಣಾಲಯ. ಸೀಸದ ಅಚ್ಚು ಮೊಳೆಗಳನ್ನು ಜೋಡಿಸುವುದು, ಯಂತ್ರ ನಡೆಸುವುದು, ಮಡಚಿ ಹೊಲಿದು ಪುಸ್ತಕ ಮಾಡುವುದು ಎಲ್ಲ ಹೆಂಗಸರೇ. ನಮ್ಮ ಮೆಕ್ಯಾನಿಕಲ್ ವಿಭಾಗದ ವರ್ಕ್‌ಶಾಪಿನಲ್ಲಿ ಇವತ್ತಿಗೂ ಹುಡುಗಿಯರನ್ನು ಬೆರಳಲ್ಲಿ ಎಣಿಸಬಹುದು ಎಂಬುದನ್ನು ಇಲ್ಲಿ ಮೆಲ್ಲಗೆ ಹೇಳಿಬಿಡುತ್ತೇವೆ. ಕಣ್ಣು ಕಾಣದವರಿಗೆ ಬೇರೆ ಮನೆ, ಬ್ರೈಲ್ ಪಾಠ. ದಾರಿ ತಪ್ಪಿಸಲ್ಪಟ್ಟ ಹೆಂಗಸರಿಗೆ ಕೃಪಾ ಸದನ.

ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಂದ ಸಹಾಯಕ್ಕೆ ಜನ ಬಂದರು. ಅಮೆರಿಕದ ಮಿನ್ನಿ ಏಬ್ರಮ್ಸ್ ಅವರಲ್ಲಿ ಒಬ್ಬರು. ಆದರೆ ಮನೆ ಯಾರದ್ದು ಎಂಬುದರಲ್ಲಿ ಗೊಂದಲ ಇರಲಿಲ್ಲ. ಬಿಳಿ ಸೀರೆ ಉಟ್ಟ, ಕತ್ತರಿಸಿದ ಕೂದಲಿನ, ಕಿವಿ ಕೇಳದ ಆ ಗಿಡ್ಡ ಹೆಂಗಸೇ ಯಜಮಾನಿ. ನೆಲದ ಮೇಲೆ ಕೂತು ಸಸ್ಯಾಹಾರದ ಊಟ, ಮರಾಠಿಯಲ್ಲಿ ಪ್ರಾರ್ಥನೆ. ಯಾವ ಪಂಗಡ ಎಂದು ಕೇಳಿದವರಿಗೆ ಪಂಗಡದ ಹೆಸರು ಸಿಗುತ್ತಿರಲಿಲ್ಲ. 1905ರಲ್ಲಿ ಹುಡುಗಿಯರೇ ಗುಂಪಾಗಿ ದಿನಾ ಪ್ರಾರ್ಥನೆಗೆ ಕೂರತೊಡಗಿ, ಆ ವರ್ಷದ ಮಧ್ಯದಲ್ಲಿ ಅದು ಅಳು, ಹಾಡು, ಕೂಗುಗಳ ದೊಡ್ಡ ಪ್ರವಾಹವಾಯಿತು. ಮರ್ಯಾದಸ್ಥ ಮಿಷನರಿಗಳಲ್ಲಿ ಕೆಲವರಿಗೆ ಇದು ಅತಿಯೆನಿಸಿತು. ಬಿಷಪ್ಪರ ಜೊತೆ ಗಂಟೆಗಟ್ಟಲೆ ತರ್ಕ ಮಾಡಿದ್ದ ಪಂಡಿತೆ ಇಲ್ಲಿ ತರ್ಕ ಮಾಡದೆ ಸುಮ್ಮನೆ ಹುಡುಗಿಯರನ್ನು ಅವರ ಪಾಡಿಗೆ ಅಳಲು ಬಿಟ್ಟರು. ಅಪ್ಪ ಅಮ್ಮ ಕಣ್ಣೆದುರೇ ಹಸಿದು ಸತ್ತದ್ದನ್ನು ನೋಡಿ ಬಂದ ಮಕ್ಕಳು ಅವರಲ್ಲಿ ಎಷ್ಟೋ ಮಂದಿ. ಅಷ್ಟು ವರ್ಷ ಅವರು ಅತ್ತಿದ್ದರೋ ಇಲ್ಲವೋ. ಆಮೇಲೆ ಅದೇ ಹುಡುಗಿಯರು ತಂಡ ಕಟ್ಟಿಕೊಂಡು ಸುತ್ತಲಿನ ಹಳ್ಳಿಗಳಿಗೆ ಸುವಾರ್ತೆ ಹೇಳಲು ಹೋದರು.

ಮನೋರಮಾ ಇಂಗ್ಲೆಂಡ್, ಅಮೆರಿಕಗಳಲ್ಲಿ ಓದಿ ಬಂದು ತಾಯಿಯ ಬಲಗೈಯಾಗಿದ್ದರು. ಆಗ ನಿಜಾಮರ ಸೀಮೆಯಲ್ಲಿದ್ದ ನಮ್ಮ ಗುಲ್ಬರ್ಗದಲ್ಲಿ ತಾಯಿ ಮಗಳು ಸೇರಿ ಶಾಲೆಯೊಂದನ್ನು ತೆರೆದರು. ಗಂಗಾಮೂಲದಿಂದ ಪೆಟ್ಟಿಗೆಯಲ್ಲಿ ಹೊರಟ ಕೂಸು ಕನ್ನಡ ನಾಡಿಗೆ ಹೀಗೊಂದು ಸುತ್ತಿನಲ್ಲಿ ವಾಪಸ್ ಬಂತು.

ಕೊನೆಯ ಹದಿನೈದು ಇಪ್ಪತ್ತು ವರ್ಷ ರಮಾಬಾಯಿ ಮಾಡಿದ ಕೆಲಸ ಬೈಬಲ್ ಅನುವಾದ. ಇದ್ದ ಮರಾಠಿ ಬೈಬಲ್ ಸಂಸ್ಕೃತಮಯವಾಗಿತ್ತು, ಬರದಿಂದ ಬಂದ ಹಳ್ಳಿ ಹುಡುಗಿಗೆ ಅರ್ಥವಾಗುತ್ತಿರಲಿಲ್ಲ. ಹದಿನೆಂಟು ಸಾವಿರ ಸಂಸ್ಕೃತ ಶ್ಲೋಕ ಬಾಯಿಗೆ ಬರುತ್ತಿದ್ದವರೇ ಸಂಸ್ಕೃತ ಶಬ್ದಗಳನ್ನು ಹೆಕ್ಕಿ ಹೆಕ್ಕಿ ತೆಗೆಯಲು ಕೂತರು. ಅದಕ್ಕಾಗಿ ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತರು. ಅಚ್ಚು ಜೋಡಿಸಿದ್ದು ಮುಕ್ತಿಯ ಹೆಂಗಸರು.

1919ರಲ್ಲಿ ಸರ್ಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಿತು. 1921ರಲ್ಲಿ ಮನೋರಮಾ ತೀರಿಕೊಂಡರು, ನಲವತ್ತನೇ ವಯಸ್ಸಿಗೆ. ಮುಕ್ತಿಯನ್ನು ಯಾರ ಕೈಗೆ ಕೊಡಬೇಕೆಂದು ಇಪ್ಪತ್ತು ವರ್ಷದಿಂದ ತಯಾರು ಮಾಡಿದ್ದರೋ ಅವರೇ ಹೋದರು. ಇಷ್ಟು ಹೊತ್ತಿಗೆ ತಾಯಿಯೇ ಕಾಯಿಲೆಯಲ್ಲಿದ್ದರು. ಚಿಕ್ಕಂದಿನಲ್ಲಿ ವ್ರತ ಮಾಡಿದರೆ ದೇವರು ಉಳಿಸುತ್ತಾನೆ ಎಂದು ನಂಬಿದ್ದ ಹುಡುಗಿ, ಅರವತ್ತಮೂರರಲ್ಲಿ ಆ ಲೆಕ್ಕವನ್ನು ದೇವರ ಮುಂದೆ ಇಡಲಿಲ್ಲ. ಪ್ರೂಫ್ ಹಾಳೆಗಳು ಬಾಕಿ ಇದ್ದವು. ತಿದ್ದುತ್ತ ಕೂತರು. 1922ರ ಏಪ್ರಿಲ್ 5ರಂದು ನಿದ್ದೆಯಲ್ಲೇ ಹೋದರು. ಪುಸ್ತಕ ಮುಕ್ತಿಯ ಮುದ್ರಣಾಲಯದಿಂದ ಪೂರ್ತಿಯಾಗಿ ಹೊರಬಂದದ್ದು 1924ರಲ್ಲಿ.